ಕೀಮೋ ಮುಗಿದ ಮೇಲೂ ಉಳಿಯುವ ಜೋಮು

ನಮ್ಮ ಚಿಕ್ಕಮ್ಮ ಹೂವು ಕಟ್ಟುವುದನ್ನು ನೋಡುತ್ತಲೇ ಬೆಳೆದವಳು ನಾನು. ಕಣ್ಣು ಟೀವಿ ಮೇಲೆ, ಬೆರಳು ಮಲ್ಲಿಗೆ ಮೇಲೆ. ನಾಲ್ಕು ಹೂವು ಜೋಡಿಸಿ, ಬಾಳೆನಾರು ಸುತ್ತಿ, ಎಳೆದು, ಮುಂದಕ್ಕೆ. ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅವರು ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಸುಮ್ನೆ ಕೂತಿದ್ದರು. ಏನಾಯಿತು ಎಂದು ಕೇಳಿದೆ. "ನಾರು ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಕಣೆ. ನೋಡಿಕೊಂಡೇ ಕಟ್ಟಬೇಕು. ನೋಡಿಕೊಂಡು ಕಟ್ಟೋಕೆ ನನಗೆ ಬರಲ್ಲ" ಅಂದರು.

ಅದಕ್ಕೂ ಮೂರು ವಾರ ಮೊದಲೇ ಕಾಲ್ಬೆರಳಲ್ಲಿ ಜೋಮು ಶುರುವಾಗಿತ್ತಂತೆ. ಡಾಕ್ಟರಿಗೆ ಹೇಳಿರಲಿಲ್ಲ. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಅದರ ಮುಂದೆ ಇದೇನು ದೊಡ್ಡದು ಎಂಬುದು ಅವರ ಲೆಕ್ಕ. ಡ್ರಿಪ್ ಹಾಕುವವರಿಗೆ ಒಮ್ಮೆ ಹೇಳಿದ್ದಕ್ಕೆ "ಕೀಮೋ ಅಂದ್ರೆ ಹಂಗೇ ಅಮ್ಮ" ಎಂಬ ಉತ್ತರ ಬಂದಿತ್ತು. ಆ ಮೂರು ವಾರಕ್ಕೆ ಎಷ್ಟು ಬೆಲೆ ಇದೆ ಎಂದು ಮನೆಯಲ್ಲಿ ಯಾರಿಗೂ ಆಗ ಗೊತ್ತಿರಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಕೀಮೋ ಔಷಧಿಯಿಂದ ಕೈಕಾಲಿನ ನರಗಳಿಗೆ ಆಗುವ ಈ ಪೆಟ್ಟಿಗೆ ವೈದ್ಯರು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಅನುಭವಿಸುವವರ ಬಾಯಲ್ಲಿ ಅದಕ್ಕೆ ಹತ್ತಾರು ಹೆಸರು. ಜೋಮು ಹಿಡಿದಿದೆ. ಇರುವೆ ಹರಿದ ಹಾಗಾಗುತ್ತೆ. ಸೂಜಿ ಚುಚ್ಚುತ್ತೆ. ಅಂಗಾಲು ಉರಿ. ಹತ್ತಿ ಮೇಲೆ ನಡೆದ ಹಾಗಿದೆ. ಬೆರಳು ಮರಗಟ್ಟಿದೆ. ಚಪ್ಪಲಿ ಕಾಲಿಂದ ಜಾರಿ ಹೋದರೂ ತಿಳಿಯಲ್ಲ. ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಮುಖಗಳು.

ಎಷ್ಟು ಜನರಿಗೆ ಇದು ಬರುತ್ತದೆ? 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 31 ಅಧ್ಯಯನಗಳನ್ನು, 4,179 ರೋಗಿಗಳನ್ನು ಒಟ್ಟಿಗೆ ನೋಡಿತು. ನರಕ್ಕೆ ಪೆಟ್ಟು ಕೊಡುವ ಕೀಮೋ ಔಷಧಿಗಳನ್ನು ಪಡೆದವರು ಅವರು, ಕ್ಯಾನ್ಸರ್ ಬೇರೆ ಬೇರೆ. ಕೀಮೋ ಮುಗಿದ ಮೊದಲ ತಿಂಗಳಲ್ಲಿ ಶೇ. 68ರಷ್ಟು ಜನರಲ್ಲಿ ತೊಂದರೆ ಇತ್ತು. ಮೂರು ತಿಂಗಳಿಗೆ ಶೇ. 60. ಆರು ತಿಂಗಳು ಕಳೆದ ಮೇಲೂ ಶೇ. 30. ಭಾರತದಲ್ಲಿ 2022ರ ಅಂದಾಜಿನಂತೆ ಒಂದು ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತಿದೆ. ಅವರಲ್ಲಿ ತುಂಬಾ ಜನ ಈಗ ಹೇಳಲಿರುವ ಔಷಧಿಗಳಲ್ಲಿ ಒಂದನ್ನಾದರೂ ಪಡೆಯುತ್ತಾರೆ.

ಮರದ ತೊಗಟೆಯಿಂದ ಬಂದ ಔಷಧಿ

ಆ ಔಷಧಿಯ ಹೆಸರು ಪ್ಯಾಕ್ಲಿಟಾಕ್ಸೆಲ್. ಅದರ ಹುಟ್ಟಿನ ಕಥೆಯಲ್ಲಿ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. 1962ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್‌ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಸಂಗ್ರಹಿಸಿದರು. ನಾರ್ತ್ ಕೆರೊಲಿನಾದ ಒಂದು ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಆ ತೊಗಟೆಯಿಂದ ಔಷಧದ ಅಂಶವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ವಾಣಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ, ಓದಿದ್ದು ಮುಂಬೈಯಲ್ಲಿ. ಅಮೆರಿಕದಲ್ಲಿ ಇದಕ್ಕೆ 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೂ 1994ರಲ್ಲಿ ಸ್ತನ ಕ್ಯಾನ್ಸರ್‌ಗೂ ಒಪ್ಪಿಗೆ ಸಿಕ್ಕಿತು. ಇದು ಉಳಿಸಿದ ಜೀವಗಳು ಅಷ್ಟಿಷ್ಟಲ್ಲ. ಮುಂದೆ ನಾನು ಬರೆಯುವ ಯಾವ ಮಾತನ್ನೂ ಓದಿ ಯಾರೂ ಈ ಔಷಧಿಗೆ ಹೆದರಿ ಚಿಕಿತ್ಸೆ ಬಿಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇದು ಕ್ಯಾನ್ಸರ್ ಕೋಶವನ್ನು ಹೇಗೆ ಕೊಲ್ಲುತ್ತದೆ ಎಂದು 1979ರಲ್ಲಿ ತೋರಿಸಿದವರು ನ್ಯೂಯಾರ್ಕ್‌ನ ಸೂಸನ್ ಹಾರ್ವಿಟ್ಸ್. ನಮ್ಮ ಪ್ರತಿ ಕೋಶದೊಳಗೂ ಮೈಕ್ರೋಟ್ಯೂಬ್ಯೂಲ್ ಎಂಬ ತೀರಾ ಸಣ್ಣ ಕೊಳವೆಗಳಿವೆ. ಚಪ್ಪರದ ಗಳಗಳ ಹಾಗೆ ಅಂದುಕೊಳ್ಳಿ. ಕೋಶ ಎರಡಾಗುವ ಹೊತ್ತಿಗೆ ಗಳಗಳನ್ನು ನಿಲ್ಲಿಸಿ ಚಪ್ಪರ ಹಾಕುತ್ತದೆ. ವರ್ಣತಂತುಗಳನ್ನು ಆಚೆಗೊಂದು ಪಾಲು ಈಚೆಗೊಂದು ಪಾಲು ಎಳೆಯುತ್ತದೆ. ಕೆಲಸ ಮುಗಿದ ಕೂಡಲೇ ಬಿಚ್ಚುತ್ತದೆ. ಕಟ್ಟುವುದು, ಬಿಚ್ಚುವುದು, ಎರಡೂ ಸರಾಗವಾಗಿ ನಡೆಯಬೇಕು. ಪ್ಯಾಕ್ಲಿಟಾಕ್ಸೆಲ್ ಹೋಗಿ ಈ ಗಳಗಳನ್ನು ಬಿಚ್ಚಲಾಗದಂತೆ ಬಿಗಿದುಬಿಡುತ್ತದೆ. ಕೋಶ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ವಿಭಜನೆಯಾಗುವುದರಿಂದ ಹೊಡೆತ ಅವಕ್ಕೇ ಜಾಸ್ತಿ.

ಹಾಗಾದರೆ ನರಕ್ಕೆ ಯಾಕೆ ತೊಂದರೆ? ನರಕೋಶ ವಿಭಜನೆಯಾಗುವುದೇ ಇಲ್ಲ ಅಲ್ವಾ? ನಿಜ. ಆದರೆ ಅದು ಇದೇ ಗಳಗಳನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆ. ಉದ್ದಕ್ಕೆ ಮಲಗಿಸಿ ಹಳಿ ಮಾಡಿಕೊಂಡಿದೆ.

ಕಾಲಿನ ಹೆಬ್ಬೆರಳ ಸ್ಪರ್ಶವನ್ನು ಹೊತ್ತು ತರುವ ಕೋಶದ ಮನೆ ಇರುವುದು ಸೊಂಟದ ಹಿಂದೆ, ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಒಂದೇ ಕೋಶದ ಎಳೆ, ಸುಮಾರು ಒಂದು ಮೀಟರ್ ಉದ್ದ. ತುದಿಗೆ ಬೇಕಾದ ಸಾಮಾನಿನಲ್ಲಿ ಹೆಚ್ಚಿನದು ತಯಾರಾಗುವುದು ಆ ಮನೆಯಲ್ಲೇ. ಅಲ್ಲಿಂದ ಹಳಿಯ ಮೇಲೆ ಸಾಗಿಸಬೇಕು. ವೇಗದ ಸಾಮಾನು ದಿನಕ್ಕೆ 200ರಿಂದ 400 ಮಿಲಿಮೀಟರ್ ಹೋಗುತ್ತದೆ, ಅಂದರೆ ಬೆರಳು ಮುಟ್ಟಲು ಮೂರ್ನಾಲ್ಕು ದಿನ. ಹಳಿಗೇ ಬೇಕಾದ ಬಿಡಿಭಾಗಗಳು ಮಾತ್ರ ದಿನಕ್ಕೆ ಕೆಲವೇ ಮಿಲಿಮೀಟರ್ ತೆವಳುತ್ತವೆ. ಈ ಹಳಿಯನ್ನು ಔಷಧಿ ಬಿಗಿದರೆ ಸರಬರಾಜು ಕೆಡುತ್ತದೆ. ಜೊತೆಗೆ, ನರದೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳೂ ಜಖಂ ಆಗುತ್ತವೆ. ನರಕೋಶದ ಮನೆಯ ಸುತ್ತ ಉರಿಯೂತ ಏಳುತ್ತದೆ.

ಮೊದಲು ಒಣಗುವುದು ಕಾಲುವೆಯ ಕೊನೆಯ ಗದ್ದೆ. ನಾಲೆಯ ನೀರು ಕಡಿಮೆಯಾದಾಗ ಟೇಲ್ ಎಂಡ್ ರೈತರಿಗೇ ಮೊದಲು ಬಿಸಿ ತಟ್ಟುವುದು ಮಂಡ್ಯದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೈಯಲ್ಲಿ ಅತಿ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವಂಥವು, ಆಮೇಲೆ ಕೈಬೆರಳಿನವು. ಅದಕ್ಕೇ ಜೋಮು ಸಾಮಾನ್ಯವಾಗಿ ಅಲ್ಲಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಎರಡೂ ಕಾಲಿಗೆ ಸಾಕ್ಸ್ ಹಾಕಿದಷ್ಟು, ಎರಡೂ ಕೈಗೆ ಗ್ಲೌಸ್ ಹಾಕಿದಷ್ಟು ಜಾಗ.

ಸ್ಪರ್ಶವೇ ಮೊದಲು ಹೋಗಿ, ಕೈಕಾಲಿನ ಬಲ ಅಷ್ಟು ಹೋಗದಿರುವುದಕ್ಕೂ ಕಾರಣ ಇದೆ. ಸ್ನಾಯುಗಳನ್ನು ಆಡಿಸುವ ನರಕೋಶಗಳ ಮನೆ ಬೆನ್ನುಹುರಿಯ ಒಳಗಿದೆ. ರಕ್ತದಲ್ಲಿರುವುದೆಲ್ಲ ಅಲ್ಲಿಗೆ ಸುಲಭವಾಗಿ ನುಗ್ಗದಂತೆ ತಡೆಗೋಡೆ ಇದೆ. ಸ್ಪರ್ಶದ ಕೋಶಗಳ ಮನೆ ಅದರ ಹೊರಗಿದೆ. ಅಲ್ಲಿ ಆ ಕಾವಲು ಇಲ್ಲ. ಔಷಧಿ ನೇರವಾಗಿ ಹೋಗಿ ಸೇರುತ್ತದೆ.

ಪ್ಯಾಕ್ಲಿಟಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಣದಲ್ಲಿ ಕರಗಿಸಿ ಕೊಡುತ್ತಾರೆ. ಆ ದ್ರಾವಣದಿಂದ ಅಲರ್ಜಿ ಆಗಬಹುದು. ಅದಕ್ಕೇ ಡ್ರಿಪ್‌ಗೆ ಮೊದಲು ಸ್ಟೀರಾಯ್ಡ್ ಕೊಡುವುದು, ಅದಕ್ಕೇ ಆ ದಿನಗಳಲ್ಲಿ ಶುಗರ್ ಏರುವುದು. ದ್ರಾವಣಕ್ಕೂ ನರಗಳ ಹಾನಿಯಲ್ಲಿ ಪಾಲಿದೆ ಎಂಬ ಅನುಮಾನ ಇದೆ. ಅದಿಲ್ಲದೆ, ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ ಕೊಡುವ ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಎಂಬ ರೂಪ 2005ರಲ್ಲಿ ಬಂತು. ಹೊಸದು, ದುಬಾರಿ, ಹಾಗಾಗಿ ಜೋಮು ಇರಲ್ಲ ಎಂದು ಕೆಲವರು ನಂಬಿದ್ದಾರೆ. ಅದು ತಪ್ಪು. ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲೇ, ಹೆಚ್ಚಿನ ಡೋಸ್‌ನಲ್ಲಿ ಕೊಟ್ಟಾಗ, ತೀವ್ರ ನ್ಯೂರೋಪತಿ ಹಳೆಯದಕ್ಕಿಂತ ಜಾಸ್ತಿ ಕಂಡಿತ್ತು. ಆದರೆ ಬೇಗ ಇಳಿಯುತ್ತಿತ್ತು.

ಇದೇ ಗುಂಪಿನ ಡೊಸಿಟಾಕ್ಸೆಲ್‌ನಿಂದ ಜೋಮು ಕಡಿಮೆ, ಬಿಳಿ ರಕ್ತಕಣ ಇಳಿಯುವ ತೊಂದರೆ ಜಾಸ್ತಿ. ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಕಾರ್ಬೊಪ್ಲಾಟಿನ್ ಕೂಡ ಸೇರಿಸುವುದುಂಟು. ಅದೂ ನರಕ್ಕೆ ಹೊರೆಯೇ.

ಯಾರು ಹೆಚ್ಚು ಎಚ್ಚರವಾಗಿರಬೇಕು?

ಡಯಾಬಿಟಿಸ್ ಇರುವವರು. ಅವರ ನರ ಮೊದಲೇ ಸ್ವಲ್ಪ ಸವೆದಿರಬಹುದು. ವಯಸ್ಸಾದವರು, ತೂಕ ಜಾಸ್ತಿ ಇರುವವರು. ನಮ್ಮ ಕಡೆ ಇನ್ನೊಂದನ್ನು ಖಂಡಿತ ನೋಡಲೇಬೇಕು: ಬಿ12 ಕೊರತೆ. ಈ ವಿಟಮಿನ್ ಗಿಡಮೂಲದ ಆಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಹಾಲು ಮೊಸರಲ್ಲಿ ಸ್ವಲ್ಪ ಸಿಗುತ್ತದೆ. ಅಪ್ಪಟ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೆ ಬಿ12 ಇನ್ನೂ ಇಳಿಯುತ್ತದೆ. ಬಿ12 ಕೊರತೆಯೊಂದೇ ಜೋಮು ತರಬಲ್ಲದು. ಅದರ ಮೇಲೆ ಕೀಮೋ ಬಿದ್ದರೆ ಕೇಳಬೇಕೇ? ಒಂದು ಸಣ್ಣ ರಕ್ತ ಪರೀಕ್ಷೆ ಸಾಕು, ಕೀಮೋ ಶುರುವಾಗುವ ಮೊದಲೇ ಮಾಡಿಸಿಕೊಳ್ಳಬಹುದು.

ಕೊಡುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ವಾರಕ್ಕೊಮ್ಮೆ 12 ವಾರ ಕೊಡುವುದು ಇಂದು ತುಂಬಾ ಬಳಕೆಯಲ್ಲಿರುವ ವಿಧಾನ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಹೀಗೆ ಪಡೆದವರಲ್ಲಿ ಕ್ಯಾನ್ಸರ್ ಮರಳುವುದು ಕಡಿಮೆಯಾಯಿತು, ಆದರೆ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ನ್ಯೂರೋಪತಿ ಶೇ. 27 ಜನರಿಗೆ ಬಂತು. ಮೂರು ವಾರಕ್ಕೊಮ್ಮೆ ಪಡೆದವರಲ್ಲಿ ಅದು ಶೇ. 20.

ಡ್ರಿಪ್ ಆದ ಎರಡು ಮೂರು ದಿನಕ್ಕೆ ಸೊಂಟ, ತೊಡೆ, ಕಾಲು ಹಿಂಡುವಂಥ ನೋವು ಬರುತ್ತದೆ. ವಾರದೊಳಗೆ ಇಳಿಯುತ್ತದೆ. ಮೈಕೈ ನೋವು ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಮೊದಲು ವೈದ್ಯರೂ ಅದನ್ನು ಕೀಲು, ಮಾಂಸಖಂಡದ ನೋವು ಎಂದೇ ತಿಳಿದಿದ್ದರು. ಈಗ ಅದೂ ನರಗಳದ್ದೇ ನೋವು ಎಂಬ ಅಭಿಪ್ರಾಯ ಬಲವಾಗಿದೆ. ಮೊದಲ ಡೋಸ್‌ಗಳಲ್ಲಿ ಈ ನೋವು ಜಾಸ್ತಿ ಇದ್ದವರಿಗೆ ಮುಂದೆ ಜೋಮೂ ಜಾಸ್ತಿ ಆದದ್ದು ಕಂಡುಬಂದಿದೆ. ಹಾಗಾಗಿ ಅದನ್ನೂ ಹೇಳಬೇಕು.

ಸಾಕ್ಷಿ ಒಬ್ಬರೇ

ಬಿಳಿ ರಕ್ತಕಣ ಇಳಿದರೆ ರಿಪೋರ್ಟ್‌ನಲ್ಲಿ ಬರುತ್ತದೆ. ಹೃದಯಕ್ಕೆ ತೊಂದರೆಯಾದರೆ ಎಕೋದಲ್ಲಿ ಕಾಣುತ್ತದೆ. ಕಾಲ್ಬೆರಳ ಜೋಮು ಯಾವ ರಕ್ತ ಪರೀಕ್ಷೆಯಲ್ಲೂ, ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ನರದಲ್ಲಿ ಕರೆಂಟ್ ಹರಿಸಿ ನೋಡುವ ಪರೀಕ್ಷೆ ಇದೆ. ಅದು ಅಳೆಯುವುದು ದಪ್ಪ ನರಗಳನ್ನು. ಉರಿ, ಚುಚ್ಚು ತರುವ ಸಣ್ಣ ಎಳೆಗಳು ಕೆಟ್ಟಿದ್ದರೂ ರಿಪೋರ್ಟ್ ನಾರ್ಮಲ್ ಎಂದು ಬರಬಹುದು. ಹಾಗಾಗಿ ಜೋಮು ಅನುಭವಿಸುವ ಹೆಂಗಸು ಬಾಯಿಬಿಟ್ಟು ಹೇಳಿದರಷ್ಟೇ ಡಾಕ್ಟರಿಗೆ ಗೊತ್ತಾಗುವುದು.

ಹೇಳಿದರೆ ಏನು ಮಾಡುತ್ತಾರೆ? ಮಾಡಬಹುದಾದದ್ದು ಇದೆ. ಡೋಸ್ ತಗ್ಗಿಸಬಹುದು, ಒಂದು ವಾರ ಬಿಡುವು ಕೊಡಬಹುದು, ಡೊಸಿಟಾಕ್ಸೆಲ್‌ಗೆ ಬದಲಾಯಿಸಬಹುದು, ಕೊನೆಯ ಒಂದೆರಡು ಡೋಸ್ ಕೈಬಿಡಬಹುದು. ಇದು ಸುಲಭದ ತೀರ್ಮಾನ ಅಲ್ಲ. ಗುಣಪಡಿಸುವ ಉದ್ದೇಶದ ಕೀಮೋದಲ್ಲಿ ಡೋಸ್ ಮುಖ್ಯ. ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿದ್ದರೆ, ಎಷ್ಟು ದಿನ ಚೆನ್ನಾಗಿ ಓಡಾಡಿಕೊಂಡಿರಬಹುದು ಎಂಬುದಕ್ಕೆ ಹೆಚ್ಚು ತೂಕ. ಅದನ್ನು ತೂಗುವುದು ವೈದ್ಯರ ಕೆಲಸ. ಆದರೆ ತಕ್ಕಡಿಗೆ ಹಾಕಲು ಅವರ ಕೈಯಲ್ಲಿ ನಮ್ಮ ಮಾತು ಇರಬೇಕಲ್ಲ.

ಬೇಗ ಹೇಳಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ. ಈ ಹಾನಿ ಡೋಸ್ ಮೇಲೆ ಡೋಸ್ ಕೂಡುತ್ತಾ ಹೋಗುತ್ತದೆ. ಔಷಧಿ ನಿಲ್ಲಿಸಿದ ದಿನವೇ ಅದೂ ನಿಲ್ಲುತ್ತದೆ ಎಂಬ ಖಾತರಿ ಇಲ್ಲ. ಕೆಲವರಲ್ಲಿ ಆಮೇಲೂ ಕೆಲವು ವಾರ ಜೋಮು ಏರುತ್ತದೆ. ಪ್ಲಾಟಿನಂ ಗುಂಪಿನ (ಕಾರ್ಬೊಪ್ಲಾಟಿನ್ ಸೇರಿದ ಗುಂಪು) ಔಷಧಿಗಳಲ್ಲಿ ಇದು ಇನ್ನೂ ಜಾಸ್ತಿ.

ವೈದ್ಯರು ಇದನ್ನು ಗ್ರೇಡ್‌ಗಳಲ್ಲಿ ಅಳೆಯುತ್ತಾರೆ. ಅಡುಗೆ, ಅಂಗಡಿಗೆ ಹೋಗುವುದು, ಫೋನ್ ಬಳಸುವುದು, ಹಣ ಎಣಿಸುವುದು, ಇಂಥವಕ್ಕೆ ಅಡ್ಡಿಯಾದರೆ ಗ್ರೇಡ್ 2. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ತಾನೇ ಊಟ ಮಾಡುವುದು ಕಷ್ಟವಾದರೆ ಗ್ರೇಡ್ 3. ಡೋಸ್ ಬದಲಾಯಿಸುವ ನಿರ್ಧಾರ ಹೆಚ್ಚಾಗಿ ಈ ಎರಡರ ನಡುವೆ ನಡೆಯುತ್ತದೆ. ಹಾಗಾಗಿ "ಸ್ವಲ್ಪ ಜೋಮು ಇದೆ ಡಾಕ್ಟ್ರೇ" ಎಂದರೆ ಅವರಿಗೆ ಸಿಗುವುದು ಅರ್ಧ ಸುದ್ದಿ. "ಬ್ಲೌಸ್ ಹುಕ್ ಹಾಕಿಕೊಳ್ಳೋಕೆ ಮಗಳು ಬೇಕು. ಮಾತ್ರೆ ಶೀಟಿನಿಂದ ಬಿಡಿಸೋಕೆ ಆಗಲ್ಲ. ನೀರು ಬಿಸಿಯೋ ತಣ್ಣಗೋ ಕೈಗೆ ತಿಳಿಯಲ್ಲ" ಎಂದರೆ ಪೂರ್ತಿ ಸುದ್ದಿ. ಯುರೋಪಿನಲ್ಲಿ ರೂಪಿಸಿದ 20 ಪ್ರಶ್ನೆಗಳ ಒಂದು ಪಟ್ಟಿ ಸಂಶೋಧನೆಗಳಲ್ಲಿ ತುಂಬಾ ಬಳಕೆಯಲ್ಲಿದೆ. ಅದು ಕೇಳುವುದೂ ಇದನ್ನೇ. ಪೆನ್ನು ಹಿಡಿಯಲು ಆಗುತ್ತದೆಯೇ? ಗುಂಡಿ ಹಾಕಲು? ಕಾಲ ಕೆಳಗಿನ ನೆಲ ತಿಳಿಯುತ್ತದೆಯೇ?

ನಮ್ಮ ಹೆಂಗಸರಿಗೆ ನಮ್ಮದೇ ಪ್ರಶ್ನೆಗಳೂ ಇರಬೇಕು ಅನ್ನಿಸುತ್ತದೆ. ರಂಗೋಲಿ ಎಳೆ ಬೆರಳಿಂದ ಸಮವಾಗಿ ಬೀಳುತ್ತಿದೆಯೇ? ರೊಟ್ಟಿ ತಟ್ಟುವಾಗ ದಪ್ಪ ತೆಳು ತಿಳಿಯುತ್ತಿದೆಯೇ? ಅಕ್ಕಿಯಲ್ಲಿ ಕಲ್ಲು ಬೆರಳಿಗೆ ಸಿಗುತ್ತಿದೆಯೇ? ಸೀರೆ ನೆರಿಗೆ ನೋಡದೆ ಹಿಡಿಯಬಲ್ಲಿರಾ? ಮನೆಯವರು ವಾರಕ್ಕೊಮ್ಮೆ ಕೇಳಿ, ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಟ್ಟರೆ ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ಅವರ ಎದುರು ಕೂತಾಗ ಎಲ್ಲ ಮರೆತುಹೋಗುತ್ತದೆ.

ಎಲ್ಲ ಜೋಮೂ ಕೀಮೋದ್ದಲ್ಲ ಎಂಬುದೂ ನೆನಪಿರಲಿ. ಕಂಕುಳು ಮತ್ತು ತೋಳಿನ ಒಳಭಾಗ ಮಾತ್ರ ಮರಗಟ್ಟಿದ್ದರೆ ಅದು ಆಪರೇಷನ್‌ನಲ್ಲಿ ಒಂದು ಸಣ್ಣ ನರಕ್ಕೆ ಆದ ಪೆಟ್ಟು. ಒಂದೇ ಕೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದಿರಬಹುದು. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಚಿಕಿತ್ಸೆಗೆ ಕೊಡುವ ಲೆಟ್ರೊಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಬರುವುದುಂಟು. ಬೆನ್ನು ನೋವಿನ ಜೊತೆ ಎರಡೂ ಕಾಲು ಇದ್ದಕ್ಕಿದ್ದಂತೆ ಸೋತರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಬೆಳಗಾಗಲಿ ಎಂದು ಕಾಯಬಾರದು. ಬೆನ್ನುಹುರಿ ಒತ್ತಿಕೊಂಡಿರಬಹುದು. ಅದು ತುರ್ತು.

ಔಷಧಿ ಇದೆಯೇ?

ಸತ್ತ ನರದ ತುದಿಯನ್ನು ಮತ್ತೆ ಬೆಳೆಸುವ ಮಾತ್ರೆ ಇಲ್ಲ. ನರ ತಾನೇ ಬೆಳೆಯಬೇಕು. ಅದರ ವೇಗ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್‌ನ ಆಸುಪಾಸು. ಗುಣವಾಗಲು ತಿಂಗಳುಗಳು ಹಿಡಿಯುವುದು ಇದಕ್ಕೇ.

ನೋವಿಗೆ ಒಂದು ಔಷಧಿ ಇದೆ, ಡ್ಯುಲೊಕ್ಸೆಟಿನ್. 2013ರಲ್ಲಿ ಪ್ರಕಟವಾದ, 231 ಜನರ ಅಧ್ಯಯನದಲ್ಲಿ ಇದನ್ನು ಪಡೆದ ಶೇ. 59 ಜನರಿಗೆ ನೋವು ಒಂದಿಷ್ಟಾದರೂ ಇಳಿಯಿತು. ಬರೀ ಹುಸಿಮಾತ್ರೆ ಪಡೆದವರಲ್ಲಿ ಶೇ. 38 ಜನರಿಗೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ ಈ ನೋವಿಗೆ ಶಿಫಾರಸು ಮಾಡಿದ್ದು ಇದೊಂದನ್ನೇ. ಇದು ಇಳಿಸುವುದು ಉರಿ, ನೋವನ್ನು. ಮರಗಟ್ಟಿದ್ದಕ್ಕೆ ಇದರಿಂದ ಹೆಚ್ಚೇನೂ ಆಗದು.

ಸ್ತನ ಕ್ಯಾನ್ಸರ್‌ನವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಾರ್ಮೋನ್ ಚಿಕಿತ್ಸೆಯ ಟಾಮಾಕ್ಸಿಫೆನ್ ಮಾತ್ರೆ ಕೆಲಸ ಮಾಡಲು ಲಿವರ್‌ನ ಒಂದು ಕಿಣ್ವ ಅದನ್ನು ಬದಲಾಯಿಸಿ ಕೊಡಬೇಕು. ಡ್ಯುಲೊಕ್ಸೆಟಿನ್ ಅದೇ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಜೋಮಿಗೆ ಎಂದು ಬೇರೆ ಡಾಕ್ಟರ ಹತ್ತಿರ ಹೋದಾಗ ಟಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮರೆಯದೆ ಹೇಳಿ. ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ಗೆ ಈ ತೊಡಕು ಇಲ್ಲ.

ಗಾಬಾಪೆಂಟಿನ್, ಪ್ರಿಗಾಬಲಿನ್ ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುತ್ತಾರೆ. ಡಯಾಬಿಟಿಸ್‌ನ ನರನೋವಿಗೆ ಅವು ಆಗುತ್ತವೆ. ಕೀಮೋ ಜೋಮಿಗೆ ಮಾಡಿದ ಪರೀಕ್ಷೆಗಳಲ್ಲಿ ಗಾಬಾಪೆಂಟಿನ್‌ನಿಂದ ಪ್ರಯೋಜನ ಕಾಣಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ "ನರದ ಶಕ್ತಿ ಮಾತ್ರೆ" ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. ಅಂಥ ಕೆಲವು ಮಾತ್ರೆಗಳಲ್ಲಿ ಅಸಿಟೈಲ್-ಎಲ್-ಕಾರ್ನಿಟಿನ್ ಎಂಬ ಅಂಶ ಇರುತ್ತದೆ. ಜೋಮು ತಡೆಯಬಹುದೆಂದು ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನ 409 ಮಹಿಳೆಯರನ್ನು ಸೇರಿಸಿ ಪರೀಕ್ಷೆ ಮಾಡಿದರು. 2013ರಲ್ಲಿ ಫಲಿತಾಂಶ ಬಂದಾಗ, ಅದನ್ನು ತೆಗೆದುಕೊಂಡವರಿಗೇ ಜೋಮು ಜಾಸ್ತಿಯಾಗಿತ್ತು. ಬಿ6 ವಿಟಮಿನ್ ಕೂಡ ಹೆಚ್ಚಿನ ಪ್ರಮಾಣದಲ್ಲಿ ತುಂಬಾ ದಿನ ಹೋದರೆ ತಾನೇ ನರ ಕೆಡಿಸುತ್ತದೆ. ವಿಟಮಿನ್ ತಾನೇ, ಏನಾಗುತ್ತೆ ಎನ್ನುವ ಧೈರ್ಯ ಬೇಡ. ಕೊರತೆ ಇದ್ದರೆ ಪರೀಕ್ಷೆ ಮಾಡಿಸಿ ತುಂಬಿಸಿಕೊಳ್ಳಿ. ಮಾತ್ರೆಯ ಶೀಟನ್ನು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ.

ತಡೆಯಲು ಸದ್ಯ ಹೆಚ್ಚು ಭರವಸೆ ಕೊಡುವುದು ತಂಪು. ಜಪಾನಿನ ಕ್ಯೋಟೊದಲ್ಲಿ ಒಂದು ಸರಳವಾದ ಪ್ರಯೋಗ ನಡೆಯಿತು. 2018ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಪಡೆಯುವ ಸ್ತನ ಕ್ಯಾನ್ಸರ್ ರೋಗಿಗಳಿಗೆ ಡ್ರಿಪ್ ಸಮಯವೂ ಸೇರಿ 90 ನಿಮಿಷ, ಒಂದೇ ಕಡೆಯ ಕೈಗೆ ಕಾಲಿಗೆ ಫ್ರೀಜರ್‌ನಲ್ಲಿಟ್ಟ ಗ್ಲೌಸ್, ಸಾಕ್ಸ್ ಹಾಕಿದರು. ಇನ್ನೊಂದು ಕಡೆ ಹಾಗೇ ಬಿಟ್ಟರು. ಒಬ್ಬರ ಮೈಯಲ್ಲೇ ಎರಡು ಬದಿಗಳ ಹೋಲಿಕೆ. 36 ಜನರ ಲೆಕ್ಕ ಸಿಕ್ಕಿತು. ಬರಿಗೈಯಲ್ಲಿ ಶೇ. 80.6 ಜನರಿಗೆ ಸ್ಪರ್ಶ ಕುಂದಿತು, ತಂಪು ಕೊಟ್ಟ ಕೈಯಲ್ಲಿ ಶೇ. 27.8 ಜನರಿಗೆ ಮಾತ್ರ. ತಂಪಿಗೆ ರಕ್ತನಾಳ ಸಂಕುಚಿಸುತ್ತದೆ, ಆ ಹೊತ್ತಿನಲ್ಲಿ ಬೆರಳಿಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ವಿವರಣೆ ಇಷ್ಟೇ. ಬಿಗಿಯಾದ ಸರ್ಜಿಕಲ್ ಗ್ಲೌಸ್ ಹಾಕಿ ಒತ್ತಡ ಕೊಡುವ ಉಪಾಯವನ್ನೂ ಜಪಾನಿನಲ್ಲಿ ಪರೀಕ್ಷಿಸಿದ್ದಾರೆ. ಆಮೇಲೆ ಜರ್ಮನಿಯಲ್ಲೂ ತಂಪು, ಒತ್ತಡ ಎರಡೂ ಸಹಾಯ ಮಾಡುವುದು ಕಂಡಿತು.

ಹಾಗೆಂದು ಮನೆಯಿಂದ ಐಸ್ ಕೊಂಡೊಯ್ದು ಬರಿ ಚರ್ಮಕ್ಕೆ ಇಟ್ಟುಕೊಳ್ಳಬೇಡಿ, ಚರ್ಮ ಸುಡುತ್ತದೆ. ಕೆಲವರಿಗೆ ಆ ಚಳಿ ತಡೆಯಲಾಗದು. ಚಳಿಗೆ ಬೆರಳು ನೀಲಿಯಾಗುವವರಿಗೆ ಇದು ಸಲ್ಲದು. ಮೊದಲ ಡೋಸ್‌ಗೆ ಮುಂಚೆಯೇ "ಇಲ್ಲಿ ಕೋಲ್ಡ್ ಗ್ಲೌಸ್ ವ್ಯವಸ್ಥೆ ಇದೆಯಾ, ನಾನು ಹಾಕಿಕೊಳ್ಳಬಹುದಾ" ಎಂದು ಕೇಳಿ. ಜೋಮು ಬಂದ ಮೇಲೆ ಕೇಳಿದರೆ ತಡವಾಗಿರುತ್ತದೆ.

ವ್ಯಾಯಾಮಕ್ಕೂ ಆಧಾರ ಇದೆ. 355 ರೋಗಿಗಳ ಒಂದು ಅಮೆರಿಕನ್ ಅಧ್ಯಯನದಲ್ಲಿ ಕೀಮೋ ಜೊತೆಜೊತೆಗೇ ಆರು ವಾರ ನಡಿಗೆ, ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ ಮಾಡಿದವರಲ್ಲಿ ಜೋಮಿನ ಬಾಧೆ ಕಡಿಮೆಯಿತ್ತು. ಅಡುಗೆಮನೆ ಕಟ್ಟೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡಿದರೂ ಸರಿ. ಪಕ್ಕದಲ್ಲಿ ಒಬ್ಬರಿರಲಿ.

ಬೀಳದಿರುವುದು ದೊಡ್ಡ ವಿಷಯ. ಕ್ಯಾನ್ಸರ್ ದಾಟಿ ಬಂದ 512 ಮಹಿಳೆಯರನ್ನು ಕುರಿತ 2017ರ ಒಂದು ಅಧ್ಯಯನ ಓದಿ ನನಗೆ ಬೇಸರವಾಯಿತು. ಚಿಕಿತ್ಸೆ ಮುಗಿದು ಸರಾಸರಿ ಆರು ವರ್ಷವಾಗಿದ್ದರೂ ಅವರಲ್ಲಿ ಶೇ. 47 ಜನರಿಗೆ ನ್ಯೂರೋಪತಿಯ ಲಕ್ಷಣ ಉಳಿದಿತ್ತು. ಅಂಥವರು ಬೀಳುವ ಸಾಧ್ಯತೆ ಉಳಿದವರಿಗಿಂತ 1.8 ಪಟ್ಟು. ನಡಿಗೆ ನಿಧಾನ, ಹೆಜ್ಜೆ ಚಿಕ್ಕದು. ಒಮ್ಮೆ ಬಿದ್ದವರು ಹೊರಗೆ ಹೋಗಲು ಹೆದರುತ್ತಾರೆ. ಮದುವೆ, ಜಾತ್ರೆ ತಪ್ಪುತ್ತದೆ. ರಾತ್ರಿ ಉರಿಗೆ ನಿದ್ದೆ ಬರಲ್ಲ, ಹಗಲು ಮಂಕು. ಜೀವನದ ಗುಣಮಟ್ಟ ಎಂಬ ಒಣ ಪದದ ಹಿಂದೆ ಇರುವುದು ಇದೆಲ್ಲ. ಸ್ಕ್ಯಾನ್ ಕ್ಲೀನ್ ಎಂದು ಬಂದ ದಿನ ಮನೆಯವರು ಸಿಹಿ ಹಂಚುತ್ತಾರೆ. ಆಕೆ ಮಾತ್ರ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿರುತ್ತಾಳೆ.

ಮನೆಯಲ್ಲಿ ಮಾಡಬೇಕಾದ್ದು ದುಬಾರಿಯೇನಲ್ಲ. ಬಚ್ಚಲಿಗೆ ಜಾರದ ಚಾಪೆ, ಹಿಡಿದುಕೊಳ್ಳಲು ಒಂದು ಕಂಬಿ. ರಾತ್ರಿ ಸಣ್ಣ ದೀಪ, ಏಕೆಂದರೆ ನೆಲ ಕಾಲಿಗೆ ತಿಳಿಯದಾಗ ಕಣ್ಣೇ ಆಸರೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು. ಕಾಲಿಗೆ ಬಿಸಿನೀರಿನ ಬ್ಯಾಗ್ ಬೇಡವೇ ಬೇಡ. ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ, ಮನೆಯೊಳಗೂ. ಮಲಗುವ ಮೊದಲು ಅಂಗಾಲನ್ನು ಕನ್ನಡಿ ಹಿಡಿದು ನೋಡಬೇಕು. ದೇವಸ್ಥಾನಕ್ಕೆ ಹೋಗುವವರಿಗೆ ಒಂದು ಮಾತು. ಏಪ್ರಿಲ್ ಮೇ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಜೋಮು ಹಿಡಿದ ಕಾಲಿನವರು ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬಾರದು. ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ದಪ್ಪ ಕಾಟನ್ ಸಾಕ್ಸ್ ಹಾಕಿಕೊಳ್ಳಿ, ಇಲ್ಲವೇ ಬೆಳಗ್ಗೆ ಬೇಗ ಹೋಗಿ ಬನ್ನಿ.

ನಮ್ಮ ಚಿಕ್ಕಮ್ಮನ ಡೋಸನ್ನು ಡಾಕ್ಟರು ಆ ವಾರವೇ ತಗ್ಗಿಸಿದರು. ಕೈಬೆರಳು ಹತ್ತು ತಿಂಗಳಲ್ಲಿ ಹೆಚ್ಚುಕಡಿಮೆ ಸರಿಹೋದವು. ಕಾಲಿನ ಹೆಬ್ಬೆರಳು ಎರಡೂ ಇನ್ನೂ ಮಂದ. ಅವರಿಗೆ ಹೂವು ಕಟ್ಟುವುದು ಸಂಜೆಯ ಸಂತೋಷ, ಹೊಟ್ಟೆಪಾಡಲ್ಲ. ಬೆರಳನ್ನೇ ನಂಬಿ ಬದುಕುವವರು ನಮ್ಮ ರಾಜ್ಯದಲ್ಲಿ ಎಷ್ಟು ಜನ! ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವರು, ಶಿಡ್ಲಘಟ್ಟ, ರಾಮನಗರದಲ್ಲಿ ಬಿಸಿನೀರಿನಿಂದ ರೇಷ್ಮೆ ಎಳೆ ಹುಡುಕಿ ತೆಗೆಯುವವರು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮಷಿನ್ ಸೂಜಿಯ ಪಕ್ಕ ಬೆರಳಿಟ್ಟು ದುಡಿಯುವವರು. ಅವರಲ್ಲಿ ಒಬ್ಬರಿಗೆ ಕೀಮೋ ಬರೆಯುವ ಮೊದಲು "ನೀವು ಏನು ಕೆಲಸ ಮಾಡ್ತೀರಮ್ಮ" ಎಂದು ಕೇಳಬೇಕು. ಯಾರೂ ಕೇಳದಿದ್ದರೆ ಅವರೇ ಹೇಳಬೇಕು, ಇಲ್ಲವೇ ಜೊತೆಗೆ ಹೋದವರು ಹೇಳಬೇಕು. ಪ್ಯಾಕ್ಲಿಟಾಕ್ಸೆಲ್ಲೋ ಡೊಸಿಟಾಕ್ಸೆಲ್ಲೋ, ತಂಪಿನ ಗ್ಲೌಸ್ ಬೇಕೋ, ಡೋಸ್ ಯಾವಾಗ ತಗ್ಗಿಸಬೇಕು, ಇವನ್ನೆಲ್ಲ ಮೊದಲ ಡ್ರಿಪ್‌ಗೆ ಮುಂಚೆ ಮಾತಾಡಿಕೊಳ್ಳಲು ಹತ್ತು ನಿಮಿಷ ಸಾಕು.